ಗಲ್ಲಾದ ಹಿಂದ ಕುಂತು ಬರಿಯೂದು

ಬ್ಯಾಡಗಿಯಿಂದ ಓದುಗ ಅಕ್ಕಾರೊಬ್ಬರು ಉದ್ದನ ಪತ್ರ ಬರದಾರ. ಹೆಸರು ಹಾಕಬ್ಯಾಡ್ರಿ ಅಂದಾರ, ಹಾಕಿಲ್ಲ. ಮೆಣಸಿನಕಾಯಿ ಅಡತಿ ಅಂಗಡಿಯೊಳಗ, ಅಂದ್ರ ರೈತರ ಮಾಲು ಕಮಿಷನ್ ಮ್ಯಾಲ ಮಾರಿ ಕೊಡೂ ಅಂಗಡಿಯೊಳಗ, ಲೆಕ್ಕ ಬರಿಯೂ ಕೆಲಸ ಅವರದು, ಕ್ಯಾಶೂ ಅವರ ಕೈಯಾಗ. ನಮಗೊಂದು ಕತಿ ಕಳಿಸಿದ್ರು, ನಾವು "ಭಾಷಾ ಚಲೋ ಐತಿ, ಆದ್ರ ನಿಮ್ಮ ದನಿ ಕೇಳಸವಲ್ದು" ಅಂತ ಒಂದ ಸಾಲು ಬರದು ವಾಪಸ್ ಮಾಡಿದ್ವಿ. ಅದಕ್ಕ ಅವರಿಗೆ ಸಿಟ್ಟು ಬಂದೈತಿ. ದನಿ ಅಂದ್ರ ಏನ್ರಿ, ಎಲ್ಲೆ ಸಿಗತೈತಿ, ನೆಟ್ಟಗ ಹೇಳ್ರಿ ಅಂತ ಕೇಳ್ಯಾರ. ಯಾವುದೋ ಕಥಾ ಕಮ್ಮಟದಾಗ "ಮೊದಲ ನಿಮ್ಮನ್ನ ನೀವು ತಿಳ್ಕೋರಿ, ಆಮ್ಯಾಲ ಬರೀರಿ" ಅಂದಿದ್ರಂತ, ಅವತ್ತಿಂದ ಡೈರಿ ಬರಿಯಾಕತ್ತಾರ, ಮುಂಜಾನೆ ಧ್ಯಾನಕ್ಕೂ ಕುಂಡ್ರಾಕತ್ತಾರ. "ಒಳಗ ನೋಡಿ ನೋಡಿ ಸಾಕಾತು, ಅಲ್ಲೇನೂ ಇಲ್ಲ, ನನ್ನ ಜೀವನದಾಗ ಬರಿಯುವಂಥಾದ್ದು ಏನೂ ಆಗಿಲ್ಲ" ಅನ್ನೂದು ಅವರ ಮಾತು. ಕೊನಿಗೊಂದು ಪ್ರಶ್ನೆ, ನಮ್ಮ ಕಡೆ ಮಾತಿನ್ಯಾಗ ಬರದ್ರ ದನಿ ಬರತೈತೇನು ಅಂತ.

ಅಕ್ಕಾರ, ಸಿಟ್ಟು ಬಂದಿದ್ದು ಚಲೋನ ಆತು. ಕತಿಯೊಳಗ ಇಲ್ಲದ ಖಾರ ಪತ್ರದಾಗ ಐತಿ.

ಮೊದಲ ಕತಿ ಬಗ್ಗೆ ಹೇಳ್ತೇನಿ. ನಿಮ್ಮ ನಾಯಕಿ ಬೆಂಗಳೂರಾಗ ಅಪಾರ್ಟ್‌ಮೆಂಟಿನ ಎತ್ತರದ ಮಹಡಿ ಮ್ಯಾಲ ಇರ್ತಾಳ, ಸಾಫ್ಟ್‌ವೇರ್ ಕೆಲಸ, ಹೊರಗ ಮಳಿ, ಕೈಯಾಗ ಕಾಫಿ ಮಗ್ಗು, ಎದಿಯೊಳಗ ಖಾಲಿತನ. ವಾಕ್ಯ ಕೆಟ್ಟಿಲ್ಲ. ಆದ್ರ ಆ ಬಾಲ್ಕನಿ, ಆ ಮಗ್ಗು, ಆ ಮಳಿ ನಮ್ಮ ಆಫೀಸಿಗೆ ತಿಂಗಳಾ ಬರ್ತಾವ, ಒಮ್ಮೆ ರೋಣದಿಂದ ಒಮ್ಮೆ ಹಾನಗಲ್ಲಿಂದ, ಹೆಸರು ಮುಚ್ಚಿ ಇಟ್ರ ಯಾರದು ಯಾವುದು ಅಂತ ಬರದವರಿಗೂ ಗುರ್ತು ಹತ್ತೂದಿಲ್ಲ. ಓದಕೋತ ಹೋಗಿ ನಡುವ ಒಂದು ಕಡೆ ನಾನು ನಿಂತೆ. ನಾಯಕಿ ಆಟೋ ಇಳೀತಾಳ, ಪರ್ಸಿನಿಂದ ನೋಟು ತಗೀತಾಳ, ಡ್ರೈವರ್‌ಗೆ ಕೊಡೂಕಿಂತ ಮೊದಲ ನೋಟೆಲ್ಲಾ ತಿರುವಿ ಗಾಂಧಿ ಮಾರಿ ಒಂದ ಕಡೆ ಬರೂಹಂಗ ಜೋಡಸ್ತಾಳ, ಹಿಂದ ಗಾಡಿಗೋಳು ಹಾರ್ನ್ ಹೊಡಿಯಾಕತ್ತಾವ, ಡ್ರೈವರ್ "ಬೇಗ ಮೇಡಂ" ಅಂತಾನ, ಆದ್ರೂ ಈಕಿ ಜೋಡಸೂದು ಬಿಡೂದಿಲ್ಲ. ಫೋನ್‌ಪೇ ಮಾಡಿ ಇಳಿಯೂ ಹುಡುಗಿ ಹಂಗ ಮಾಡೂದಿಲ್ಲ. ದಿನಾ ಸಂಜಿಕೆ ಕ್ಯಾಶ್ ತಾಳೆ ಹಾಕೂ ಕೈ ಹಂಗ ಮಾಡತೈತಿ. ಇಡೀ ಕತಿಯೊಳಗ ನಿಮ್ಮದು ಅಂತ ನನಗ ಅನಿಸಿದ್ದು ಅದೊಂದ ಸಾಲು, ಅದನ್ನ ನೀವು ಬೇಕಂತ ಹಾಕಿರಲಿಕ್ಕಿಲ್ಲ, ತಾನ ನುಸುಳಿ ಬಂದೈತಿ.

ಇನ್ನ ಪತ್ರಕ್ಕ ಬರೂಣು. ಬರಿಯಾಕ ತಡಾ ಯಾಕಾತು ಅಂತ ಹೇಳೂಮುಂದ ನೀವು ಸುಮ್ಮನ ನೆಪಕ್ಕಂತ ಒಂದು ಮಾತು ಬರದೀರಿ. ಸೋಮವಾರ, ಗುರುವಾರ ಮಾರ್ಕೆಟ್ ದಿನ ತಲಿ ಎತ್ತಾಕ ಆಗೂದಿಲ್ಲ, ಮೊನ್ನೆ ಒಬ್ಬ ಮುದುಕ ಟೆಂಡರ್ ರೇಟು ಬಂದಮ್ಯಾಲ ಗಲ್ಲಾದ ಮುಂದ ನಿಂತು "ಇನ್ನೊಮ್ಮೆ ಓದವಾ" ಅಂದ, ನಾನು ಎರಡನೇ ಸಲ ನಿಧಾನಕ್ಕ ಓದಿದೆ, ನಿಧಾನ ಓದಿದ್ರ ರೇಟು ಏರೂದಿಲ್ಲಂತ ಅವಗೂ ಗೊತ್ತಿತ್ತು ನನಗೂ ಗೊತ್ತಿತ್ತು, ಅಂತ. ಆಮ್ಯಾಲ ಅದರ ಕೆಳಗ ಇನ್ನೊಂದು ಸಾಲು: "ನಮ್ಮಪ್ಪನೂ ಮೆಣಸಿನಕಾಯಿ ಬೆಳಿತಾನ್ರಿ, ಆದ್ರ ಮಾಲು ನಮ್ಮ ಅಂಗಡಿಗೆ ತರೂದಿಲ್ಲ, ಬ್ಯಾರೆ ಅಡತಿಗೆ ಹಾಕ್ತಾನ." ಅಷ್ಟ. ಮುಂದಿನ ಸಾಲಿಗೆ ಹವಾ, ಮಳಿ, ನಮ್ಮ ಪತ್ರಿಕೆ ಚಂದಾ ಹಣ.

ಅಲ್ರೀ, ಯಾಕ ತರೂದಿಲ್ಲ?

ಮಗಳ ಅಂಗಡಿಯೊಳಗ ತೂಕದ ಬಗ್ಗೆ ಜಗಳಾ ಮಾಡಾಕ ಬರೂದಿಲ್ಲ ಅಂತೇನು? ಮಗಳ ಕೈಯಿಂದ ಕಮಿಷನ್ ಹಿಡಿಸ್ಕೊಂಡು ರೊಕ್ಕ ಎಣಿಸ್ಕೊಳ್ಳಾಕ ನಾಚಿಕೆನೋ? ಇಲ್ಲಾ ಮಗಳು ಸಾಹುಕಾರರ ಮುಂದ ಸಣ್ಣಾಕಿ ಆಗಬಾರದು ಅಂತನೋ? ಅಥವಾ ನೀವ "ಬರಬ್ಯಾಡಪಾ" ಅಂದೀರೋ? ಪತ್ರದಾಗ ಇಲ್ಲ. ನಿಮಗೂ ಪೂರ್ತಿ ಗೊತ್ತಿಲ್ಲೇನೋ ಅಂತ ನನಗ ಸಂಶೆ. ಒಳಗ ಏನೂ ಇಲ್ಲ ಅಂದ್ರಲ್ಲ, ನೀವು ಕಣ್ಣು ಮುಚ್ಚಿ ಕುಂತು ಹುಡುಕೂದು ಎದಿಯೊಳಗ, ಅದು ಇರೂದು ಎಪಿಎಂಸಿ ಯಾರ್ಡಿನ್ಯಾಗ ನಿಮ್ಮಪ್ಪ ನಿಮ್ಮ ಅಂಗಡಿ ದಾಟಿ ಮುಂದಿನ ಅಂಗಡಿಗೆ ಹೋಗೂ ದಾರಿಯೊಳಗ. ಕತಿ ಬರಿಯವರಿಗೆ ತನ್ನನ್ನ ತಾನು ತಿಳ್ಕೊಳ್ಳೂದು ಅಂದ್ರ ನನ್ನ ಲೆಕ್ಕದಾಗ ಇಷ್ಟ, ನಾನು ಎಲ್ಲೆ ಕುಂತು ನೋಡಾಕತ್ತೇನಿ, ಯಾರ ಅನ್ನ ತಿನ್ನಾಕತ್ತೇನಿ, ಯಾವ ಮಾತು ಬಂದಕೂಡಲೇ ವಿಷಯ ತಪ್ಪಸ್ತೇನಿ. ನೀವು ರೈತರ ಮನಿ ಮಗಳು, ಪಗಾರ ಅಡತಿಯವರ ಕಡಿಂದ. ಮುದುಕಗ ನಿಧಾನ ಓದಿದ ದನಿಯೊಳಗ ಎರಡೂ ಐತಿ, ಕನಿಕರನೂ ಐತಿ ಗಲ್ಲಾದ ಈಚೆ ಕಡೆ ಕುಂತಿರೂ ಗತ್ತೂ ಚೂರು ಐತಿ, ಈ ಮಾತಿಗೆ ಸಿಟ್ಟು ಮಾಡ್ಕೋಬ್ಯಾಡ್ರಿ. ಬರೇ ಕನಿಕರ ಬರದ್ರ ಅದು ಭಾಷಣ ಆಗತೈತಿ. ಆ ಗತ್ತನ್ನೂ ಒಪ್ಕೊಂಡು ಬರದ್ರ ಬ್ಯಾರೆ ಯಾರೂ ಬರಿಯಾಕಾಗದ ಕತಿ ಆಗತೈತಿ.

ಇಷ್ಟು ಹೇಳಿದಕೂಡಲೇ ನೀವು ಬ್ಯಾಡಗಿ ಮಾರ್ಕೆಟ್ ಮ್ಯಾಲ ಕತಿ ಬರದು ಕಳಿಸಬ್ಯಾಡ್ರಿ ಮತ್ತ! ಕೆಂಪನ ರಾಶಿ, ಮೂಗಿಗೆ ಹತ್ತೂ ಘಾಟು, ತೊಟ್ಟು ಬಿಡಿಸೂ ಹೆಣ್ಣಮಕ್ಕಳು, ಡಬ್ಬಿ, ಕಡ್ಡಿ ಅನ್ನೂ ಮೆಣಸಿನಕಾಯಿ ತಳಿ, 2011ರಾಗ ಬಂದ ಜಿಐ ಟ್ಯಾಗ್, ಖಾರ ಕಮ್ಮಿ ಬಣ್ಣ ಹೆಚ್ಚು ಅಂತ ಆ ಬಣ್ಣ ತಗಿಯಾಕ ಒಯ್ಯೂ ಫ್ಯಾಕ್ಟರಿ, ಇದನ್ನೆಲ್ಲಾ ಹುಬ್ಬಳ್ಳಿಯಿಂದ ಒಂದು ದಿನಕ್ಕ ಬಂದು ಹೋಗೂ ರಿಪೋರ್ಟರ್ ನಿಮಗಿಂತ ಚಂದ ಬರೀತಾನ. ಬೇಕಾದ್ರ ನಾಯಕಿ ಬೆಂಗಳೂರಾಗ ಇರ್ಲಿ, ಬಾಲ್ಕನಿನೂ ಇರ್ಲಿ, ತಂದಿ ಮಗಳ ಮನಿ ಮುಂದ ಹಾದು ಹೋಗಿ ಲಾಡ್ಜಿನ್ಯಾಗ ಇಳ್ಕೊಳ್ಳಿ. ಊರು ಬದಲಿ ಆದ್ರೂ ಕುಂತ ಜಾಗ ಬದಲಿ ಆಗೂದಿಲ್ಲ.

ಈಗ ಕಮ್ಮಟದ ಮಾತು, ಮೊದಲ ತಿಳ್ಕೋರಿ ಆಮ್ಯಾಲ ಬರೀರಿ ಅನ್ನೂದು. ನನಗದು ತಿರಗಾ ಮುರಗಾ ಅನಸ್ತೈತಿ. ಧಾರವಾಡದಾಗ ಓದಿದ ಗಿರೀಶ ಕಾರ್ನಾಡರನ್ನ ನೋಡ್ರಿ. ಮನಿ ಮಾತು ಕೊಂಕಣಿ, ಆಸೆ ಇಂಗ್ಲಿಷ್ ಕವಿ ಆಗೂದು, ಆಕ್ಸ್‌ಫರ್ಡಿಗೆ ಹೋಗೂ ತಯಾರಿಯೊಳಗ ಇದ್ದಾಗ ಬರದಿದ್ದು ಕನ್ನಡದಾಗ, ಅದೂ ಕವಿತಾ ಅಲ್ಲ, ನಾಟಕ. ಅದ 'ಯಯಾತಿ', 1961ರಾಗ ಇಲ್ಲೇ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಾಶನದಿಂದ ಬಂತು. ಮಗ ಅಪ್ಪನ ಮುಪ್ಪು ಹೊರೂ ಕತಿ. ಪರದೇಶಕ್ಕ ಹೊಂಟ ಮಗನ ಮ್ಯಾಲ ಮನಿಯವರು ಇಟ್ಟ ಆಸೆದ ಭಾರಕ್ಕೂ ಆ ಕತಿಗೂ ಇರೂ ಸಂಬಂಧ ಅವರಿಗೇ ತಿಳಿದಿದ್ದು ಬರದಮ್ಯಾಲ, ಕನ್ನಡದಾಗ ಬಂದಿದ್ದಕ್ಕ ತಮಗ ಆಶ್ಚರ್ಯ ಆತು ಅಂತ ಅವರ ಹೇಳ್ಯಾರ. ಹೊಳ್ಳಿ ಓದಿದಾಗ ನಮ್ಮ ಬರಹನ ನಮ್ಮ ಬಗ್ಗೆ ಚಾಡಿ ಹೇಳತೈತಿ, ಆ ಚಾಡಿ ಕೇಳಿಸ್ಕೊಬೇಕು. ಧ್ಯಾನ ಬಿಡ್ರಿ ಅನ್ನೂದಿಲ್ಲ, ಆರೋಗ್ಯಕ್ಕ ಚಲೋ.

ಹೆಂಗ ಕೇಳಿಸ್ಕೊಬೇಕು ಅಂದ್ರ, ಹಳೆ ಕತಿಗೋಳನ್ನ ತಗದು ಪೆನ್ಸಿಲ್ ಹಿಡಿದು ಕುಂಡ್ರಿ. ನೋಟು ಜೋಡಿಸಿದ ಸಾಲಿನಂಥಾವು ಎಲ್ಲೆ ಅದಾವ, ಅಡಿಗೆರೆ ಹಾಕ್ರಿ. ಆಮ್ಯಾಲ ಇನ್ನೊಂದು ಹುಡುಕ್ರಿ, ಇದು ಹೆಚ್ಚಿಗೆ ಮುಖ್ಯ, ಎಲ್ಲೆ ನೀವು ಗಡಿಬಿಡಿಲೇ ದಾಟೀರಿ. "ಅವರಿಬ್ಬರ ನಡುವೆ ಮಾತುಗಳು ಸತ್ತುಹೋಗಿದ್ದವು" ಅಂತ ಒಂದು ಸಾಲು ನಿಮ್ಮ ಕತಿಯೊಳಗ ಐತಿ. ಅಲ್ಲೆ ಏನೋ ಮಾತು ಆಗೈತಿ, ಅದನ್ನ ಬರಿಯಾಕ ಅಂಜಿಕೆ ಬಂದು ನೀವ ಅದನ್ನ ಸಾಯಿಸೀರಿ. ಚಂದನ ವಾಕ್ಯ ಎಲ್ಲೆಲ್ಲೆ ಬಂದೈತೋ ಅಲ್ಲಲ್ಲೆ ಒಂದೀಟು ಸಂಶೆ ಪಡ್ರಿ, ನನ್ನ ಅನುಭವದಾಗ ಅರ್ಧಕ್ಕರ್ಧ ಚಂದನ ವಾಕ್ಯದ ಕೆಳಗ ಏನರೆ ಮುಚ್ಚಿಟ್ಟಿರ್ತಾರ.

ಭಾಷಾದ ಬಗ್ಗೆ ಕೇಳಿದ್ರಿ. ನಮ್ಮ ಕಡೆ ಮಾತಿನ್ಯಾಗ ಬರೀರಿ, ಬ್ಯಾಡನ್ನೂದಿಲ್ಲ, ನಾನ ಹಂಗ ಬರಿಯಾಕತ್ತೇನಿ. ಆದ್ರ "ಐತಿ", "ಹೋಗ್ಯಾನ", "ಬಾರೋ ಮಾರಾಯ" ಅಂತ ಮಾತಿನ್ಯಾಗ ಹಾಕಿ, ಕತಿ ಹೇಳೂಮುಂದ ಮಾತ್ರ ಸರಕಾರಿ ನೋಟಿಸಿನ ಕನ್ನಡ ಬಳಸೂ ಕತಿಗೋಳು ರಾಶಿ ಬರ್ತಾವ. ಅಲ್ಲೆ ಪಾತ್ರಗೋಳು ನಮ್ಮೂರವರು, ಹೇಳಾಂವ ತಹಶೀಲ್ದಾರ. ಜವಾರಿ ಮಾತು ಹಾಕಿದ್ರ ಊರು ಗೊತ್ತಾಗತೈತಿ, ಆ ಊರಾಗ ಮಾತಾಡೂ ಮನಷ್ಯಾ ಯಾರು ಅನ್ನೂದು ಅಷ್ಟಕ್ಕ ಗೊತ್ತಾಗೂದಿಲ್ಲ. ಬೇಂದ್ರೆಯವರ ಮನಿ ಮಾತು ಮರಾಠಿ. ಆದ್ರ ಧಾರವಾಡದ ಆಡುಮಾತು ಅಂದಕೂಡಲೇ ನಾವು ತಗೊಳ್ಳೂ ಮೊದಲನೇ ಹೆಸರು ಅವರದ. ಓಣಿಯೊಳಗ ಕಿವಿ ಇಟ್ಟು ಕೇಳಿ, ಆ ಮಾತಿನ ಓಟ ಹಿಡಿದು, ತಮ್ಮ ದುಃಖನೂ ತಮ್ಮ ಹುಚ್ಚೂ ಅದರೊಳಗ ಸುರದ್ರು. ಹುಟ್ಟಿನಿಂದ ಬಂದ ಭಾಷಾ ಇದ್ರ ಅರ್ಧ ಕೆಲಸ ಮುಗೀತು ಅನ್ಕೊಂಡವರಿಗೆ ಇದನ್ನ ಹೇಳಬೇಕಾಗತೈತಿ.

ಮಾತಿಗಿಂತ ಮಾತಿನ ಸರದಿ ನೋಡ್ರಿ ಅಂತೇನಿ ನಾನು. ಒಮ್ಮೆ ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ಸು ಉಣಕಲ್ ಹತ್ರ ಕೆಟ್ಟು ನಿಂತಿತ್ತು, ಏಸಿ ಬಂದ್, ಬಾಗಲಾ ತಗಿಯವಲ್ದು. ಆ ಬಸ್ಸಿನ್ಯಾಗ ಇದ್ದವರು ಇಬ್ಬರು ನಮ್ಮ ಆಫೀಸಿಗೆ ಬಂದು ಅದನ್ನ ಹೇಳಿದ್ರು. ಒಬ್ಬರು ಶುರು ಮಾಡಿದ್ದು "ನನಗ ಹತ್ತು ಗಂಟೆಕ್ಕ ಕೋರ್ಟಿನ್ಯಾಗ ಇರಬೇಕಿತ್ತು" ಅಂತ. ಇನ್ನೊಬ್ಬಾಕಿ ಶುರು ಮಾಡಿದ್ದು ಡ್ರೈವರ್‌ನಿಂದ, ಆಂವ ಹಿಂದ ತಿರುಗಿ ಜನರ ಮಾರಿ ನೋಡಲೇ ಇಲ್ಲ, ಕನ್ನಡಿಯೊಳಗ ನೋಡಾಕತ್ತಿದ್ದ ಅಂತ. ಬಸ್ಸು ಅದ, ಸೆಕಿ ಅದ. ಯಾವುದನ್ನ ಮೊದಲ ಹೇಳಿದ್ರು, ಯಾವುದನ್ನ ಬಿಟ್ರು, ಎಲ್ಲೆ ತಡೆದ್ರು, ಅದರಾಗ ಇಬ್ಬರೂ ಪೂರ್ತಿ ಸಿಕ್ಕಬಿಟ್ರು. ನೀವೂ ಒಂದು ಘಟನೆ ತಗೋರಿ, ನಿಮ್ಮ ಗೆಳತಿಗೆ ಹೇಳೂಮುಂದ ಮೊಬೈಲಿನ್ಯಾಗ ರೆಕಾರ್ಡ್ ಮಾಡ್ರಿ, ಆಮ್ಯಾಲ ಅದನ್ನ ಬರೀರಿ, ಎರಡನ್ನೂ ಹೋಲಿಸ್ರಿ. ಬರಿಯೂಮುಂದ ಸರದಿ ಯಾಕ ಬದಲಾತು ಅಂತ ಕೇಳ್ಕೋರಿ. ನಿಮ್ಮ ಪತ್ರದಾಗ ಮುದುಕ ಮೊದಲ ಬಂದ, ರೇಟು ಆಮ್ಯಾಲ ಬಂತು, ಎಷ್ಟು ರೇಟು ಅಂತ ಬರಿಯಲೇ ಇಲ್ಲ ನೀವು. ಲೆಕ್ಕ ಬರಿಯೂ ಹೆಣ್ಣಮಗಳು ಆಂಕಿ ಬಿಟ್ಟಾಳ ಅಂದ್ರ ಅದು ಸಣ್ಣ ಮಾತಲ್ಲ.

ಬಾಲ್ಕನಿ ಯಾರ ಸಲುವಾಗಿ ಬರದ್ರಿ ಅಂತ ಯೋಚನೆ ಮಾಡಿದೆ. ದೀಪಾವಳಿ ವಿಶೇಷಾಂಕದ ಕಥಾ ಸ್ಪರ್ಧೆಗೆ ಕಳಿಸಿದ್ದನ್ನ ನಮಗೂ ಕಳಿಸೇನಿ ಅಂತ ನೀವ ಬರದೀರಿ. ತೀರ್ಪುಗಾರರಿಗೆ ಏನು ಸೇರತೈತಿ ಅಂತ ಊಹೆ ಮಾಡಿ ಬರಿಯೂ ಚಟ ನಮ್ಮ ಹೊಸ ಕತಿಗಾರರಿಗೆ ಭಾಳ ಹತ್ತೈತಿ, ಬಹುಮಾನ ಬಂದ್ರಂತೂ ಬಿಡಸಾಕ ಆಗೂದಿಲ್ಲ. ಮತ್ತೊಬ್ಬರ ಥರ ಬರಿಯೂದ ತಪ್ಪು ಅಂತಲ್ಲ. ಗಳಗನಾಥರು ನಿಮ್ಮ ಹಾವೇರಿ ಕಡೆಯವರ, ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನ ಕನ್ನಡಕ್ಕ ತಂದು ಕೈ ಪಳಗಿಸ್ಕೊಂಡ್ರು, ಇವತ್ತಿಗೂ ಅವರನ್ನ ಕನ್ನಡ ಕಾದಂಬರಿ ಪಿತಾಮಹ ಅಂತಾರ. ಆದ್ರ ಅವರಿಗೆ ತಾವು ಯಾರಿಗೆ ಬರಿಯಾಕತ್ತೇವಿ ಅಂತ ಗೊತ್ತಿತ್ತು, ಕನ್ನಡದಾಗ ಓದೂ ಚಟ ಇಲ್ಲದ ಮಂದಿಗೆ ಓದಿಸೂದು. ನಿಮ್ಮ ಬಾಲ್ಕನಿಯನ್ನ ಓದೂ ಮಂದಿ ಯಾರು? ನೀವು ಅವರನ್ನ ನೋಡೇ ಇಲ್ಲ.

ಮತ್ತ ಇನ್ನೊಂದು ಅಂಜಿಕೆ ಐತಿ, ಅದನ್ನ ನೀವು ಬರದಿಲ್ಲ, ಆದ್ರ ಹೆಸರು ಹಾಕಬ್ಯಾಡ್ರಿ ಅಂದಿದ್ದಕ್ಕ ಹೇಳ್ತೇನಿ. ಸಣ್ಣ ಊರು, ಸಾಹುಕಾರರು ಓದಿದ್ರ? ಅಪ್ಪ ಓದಿದ್ರ? ಇದು ಖರೇ ಅಂಜಿಕೆ, ಪುಸ್ತಕದಾಗ ಬರಿಯೂ "ಧೈರ್ಯ ಮಾಡಿ" ಅನ್ನೂ ಮಾತಿನಿಂದ ಹೋಗೂದಿಲ್ಲ, ಕೆಲಸ ಹೋದ್ರ ಆ ಮಾತು ಹೇಳಿದವರು ಪಗಾರ ಕೊಡೂದಿಲ್ಲ. ಅಂಗಡಿ ಬದಲಿ ಮಾಡ್ರಿ, ಮೆಣಸಿನಕಾಯಿ ಬದಲಿ ಹತ್ತಿ ಮಾಡ್ರಿ, ಅಪ್ಪನ ಬದಲಿ ಅಣ್ಣ ಮಾಡ್ರಿ, ಅದಕ್ಕ ಕತಿ ಅನ್ನೂದು. ಬದಲಿ ಮಾಡಬಾರದ್ದು ಒಂದ, ಆ ಮುದುಕನ ಮುಂದ ನಿಮಗ ಏನನಸ್ತು ಅನ್ನೂದು. ಅದನ್ನ ಒಳ್ಳೇಕಿ ಕಾಣಬೇಕಂತ ತಿದ್ದಿದ್ರ ನಾನು ಮತ್ತ ಅದ ಒಂದ ಸಾಲು ಬರದು ವಾಪಸ್ ಕಳಸ್ತೇನಿ. ಕಾವ್ಯನಾಮದ ದಾರಿನೂ ಐತಿ, ನಮ್ಮ ಸೀಮೆಯೊಳಗ ಅದು ಹೊಸಾದಲ್ಲ, ಬೇಂದ್ರೆಯವರು ತಾಯಿ ಹೆಸರು ತಗೊಂಡು ಅಂಬಿಕಾತನಯದತ್ತ ಆದ್ರು, ಗಳಗನಾಥರು ಊರ ಹೆಸರು ಹೊತ್ಕೊಂಡ ಹಿಂದ ವೆಂಕಟೇಶ ತಿರಕೋ ಕುಲಕರ್ಣಿ ಅನ್ನೂ ಹೆಸರು ಮರೆತ ಹೋತು. ನಿಮಗ ಏನು ಬೇಕು ಈಗ ತಿಳಿಸ್ರಿ, ಅಚ್ಚಿಗೆ ಹೋದಮ್ಯಾಲ ಬದಲಿ ಮಾಡಾಕ ಬರೂದಿಲ್ಲ.

ಸೀಸನ್ ಮುಗಿಯೂ ತನಕ ಗಡಿಬಿಡಿ ಮಾಡಬ್ಯಾಡ್ರಿ. ಕಳಿಸೂಮುಂದ ಯೂನಿಕೋಡಿನ್ಯಾಗ ಟೈಪ್ ಮಾಡಿ ಕಳಸ್ರಿ, ಹ್ವಾದ ಸಲ ಬಂದ ಫೈಲಿನ್ಯಾಗ ಒತ್ತಕ್ಷರೆಲ್ಲಾ ಚೌಕ ಆಗಿದ್ವು, ನಮ್ಮ ಹುಡುಗ ಕುಂತು ಒಂದೊಂದ ಸರಿ ಮಾಡಿದ. ಗೌರವಧನ ಎಷ್ಟು ಅಂತ ಪತ್ರದ ಮೂಲ್ಯಾಗ ಸಣ್ಣಕ್ಷರದಾಗ ಕೇಳೀರಿ. ಕೊಡ್ತೇವಿ, ಸಣ್ಣದ ಐತಿ, ಚೆಕ್ಕು ಹಾಕಿದ್ರ ಬ್ಯಾಂಕಿಗೆ ಹೋಗಿ ಬರೂ ಖರ್ಚು ನಿಮ್ಮ ಮ್ಯಾಲ ಬೀಳತೈತಿ, ಅದಕ್ಕ ಅಕೌಂಟ್ ನಂಬರ್ ಕತಿ ಜೋಡಿನ ಕಳಸ್ರಿ.

— ಸಂಪಾದಕ