ಓದುಗರ ಪ್ರಶ್ನೆ: ಮುರಿದ ಸ್ಟೆಂಟ್, ಮತ್ತೆ ಕಿರಿದಾದ ರಕ್ತನಾಳ

ಪ್ರಶ್ನೆ: ತಂದೆಯವರ ಬಲ ಕರೋನರಿ ರಕ್ತನಾಳಕ್ಕೆ ಎರಡು ವರ್ಷದ ಹಿಂದೆ 38 ಮಿ.ಮೀ. ಉದ್ದದ ಔಷಧ ಲೇಪಿತ ಸ್ಟೆಂಟ್ (ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆ) ಹಾಕಿದ್ದರು. ಈಗ ಮೆಟ್ಟಿಲು ಹತ್ತಿದರೆ ಮತ್ತೆ ಎದೆ ಬಿಗಿಯುತ್ತದೆ. ಸ್ಟೆಂಟ್ ಮುರಿದಿದೆ, ಅಲ್ಲೇ ಶೇ. 70ರಷ್ಟು ಕಿರಿದಾಗಿದೆ ಎಂದು ಆಂಜಿಯೋಗ್ರಾಂ ವರದಿ ಬಂದಿದೆ. ಭಾರ ಎತ್ತಿದ್ದರಿಂದ ಮುರಿಯಿತೇ? ಚೂರು ತೇಲಿಹೋದರೆ ಏನು ಗತಿ?

ಉತ್ತರ: ಭಾರ ಎತ್ತಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ತಂತಿಯನ್ನು ಒಂದೇ ಕಡೆ ಬಗ್ಗಿಸುತ್ತಾ ಹೋದರೆ ಕೊನೆಗೊಮ್ಮೆ ತುಂಡಾಗುತ್ತದಲ್ಲ, ಇಲ್ಲಿ ಆಗಿರುವುದೂ ಅದೇ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಒಂದೊಂದು ಬಡಿತಕ್ಕೂ ಬಲ ಕರೋನರಿ ಕೀಲಿನ ಹಾಗೆ ಮಡಚಿ ಬಿಚ್ಚಿಕೊಳ್ಳುತ್ತದೆ. ಈಗಿನ ಬಹುತೇಕ ಸ್ಟೆಂಟ್‌ಗಳ ಎಳೆಗಳಾದರೋ 60ರಿಂದ 80 ಮೈಕ್ರಾನ್, ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಸ್ಟೆಂಟ್ ಉದ್ದವಿದ್ದಷ್ಟೂ, ನಾಳ ಅಂಕುಡೊಂಕಾದಷ್ಟೂ ಅಪಾಯ ಹೆಚ್ಚು. ಎರಡು ಸ್ಟೆಂಟ್‌ಗಳು ಒಂದರೊಳಗೊಂದು ಸೇರಿದ ಜಾಗದ ಅಂಚೂ ಹಾಗೆಯೇ.

ಚೂರು ತೇಲಿಹೋಗುವುದು ತೀರಾ ಅಪರೂಪ. ಕೆಲವೇ ತಿಂಗಳಲ್ಲಿ ನಾಳದ ಒಳಪದರ ಸ್ಟೆಂಟ್ ಮೇಲೆ ಬೆಳೆದು ಅದನ್ನು ಗೋಡೆಗೆ ಕಚ್ಚಿಸಿಬಿಡುತ್ತದೆ. ತೊಂದರೆ ಇರುವುದು ಮುರಿದ ಜಾಗದಲ್ಲಿ: ಗೋಡೆಗೆ ಆಸರೆ ತಪ್ಪುತ್ತದೆ, ಔಷಧ ಸಮನಾಗಿ ತಲಪುವುದಿಲ್ಲ, ಎಳೆಯ ತುದಿ ಗೋಡೆಯನ್ನು ಕೆರಳಿಸುತ್ತಿರುತ್ತದೆ. ಆಗ ಸ್ನಾಯುಕೋಶಗಳು ಬೆಳೆದು ದಾರಿ ಕಿರಿದಾಗುತ್ತದೆ.

ಪ್ರಶ್ನೆ: ಅದರೊಳಗೇ ಇನ್ನೊಂದು ಸ್ಟೆಂಟ್ ಹಾಕುತ್ತಾರಂತೆ. ಒಪ್ಪಬಹುದೇ?

ಉತ್ತರ: ಒಪ್ಪುವ ಮುನ್ನ ಒಂದು ಮಾತು ಕೇಳಿ: "ಓ.ಸಿ.ಟಿ. ಅಥವಾ ಐವಸ್ ಮಾಡಿ ನಾಳದ ಒಳಗೆ ನೋಡುತ್ತೀರಾ?" ಸಣ್ಣ ನಳಿಕೆಯನ್ನು ನಾಳದೊಳಗೆ ಕಳಿಸಿ ಬೆಳಕಿನಿಂದ (ಓ.ಸಿ.ಟಿ.) ಇಲ್ಲವೇ ಅಲ್ಟ್ರಾಸೌಂಡಿನಿಂದ (ಐವಸ್) ಒಳಗಿನ ಚಿತ್ರ ತೆಗೆಯುವ ಪರೀಕ್ಷೆಗಳಿವು. ಆಂಜಿಯೋಗ್ರಾಂ ತೋರಿಸುವುದು ರಕ್ತ ಹರಿಯುವ ದಾರಿಯ ನೆರಳನ್ನು ಮಾತ್ರ. ಕಿರಿದಾಗಲು ಮುರಿತವೊಂದೇ ಕಾರಣವಾಗಿರಬೇಕಿಲ್ಲ. ಮೊದಲ ಸಲವೇ ಸ್ಟೆಂಟ್ ಪೂರ್ತಿ ಅರಳದೆ ಉಳಿದಿರುವುದು ಬಹಳ ಕಡೆ ಕಾಣುತ್ತದೆ. ಹಾಗಿದ್ದರೆ ಮೊದಲು ಅಧಿಕ ಒತ್ತಡದ ಬಲೂನಿನಿಂದ ಅದನ್ನು ಅರಳಿಸಬೇಕು. ಸ್ಟೆಂಟಿನ ಹಿಂದೆ, ನಾಳದ ಗೋಡೆಯಲ್ಲಿ ಗಟ್ಟಿ ಕ್ಯಾಲ್ಸಿಯಂ ಅಡ್ಡ ಕೂತಿದ್ದರೆ ಆಘಾತ ತರಂಗದ ಬಲೂನಿನಿಂದ ಅದನ್ನು ಬಿರುಕುಬಿಡಿಸುವುದುಂಟು. ಅರಳದ ಸ್ಟೆಂಟಿನೊಳಗೆ ಇನ್ನೊಂದನ್ನು ತುರುಕಿದರೆ ದಾರಿ ಇನ್ನೂ ಇಕ್ಕಟ್ಟಾಗುತ್ತದೆ, ಅಷ್ಟೇ.

ಒಂದೆರಡು ಎಳೆ ಮಾತ್ರ ಮುರಿದಿದ್ದರೆ ಔಷಧ ಲೇಪಿತ ಬಲೂನು ಒಳ್ಳೆಯ ಆಯ್ಕೆ. ಅರ್ಧದಿಂದ ಒಂದು ನಿಮಿಷ ಉಬ್ಬಿಸಿ ಹಿಡಿದು, ಔಷಧ ಗೋಡೆಗೆ ಅಂಟಿದ ಮೇಲೆ ಹೊರತೆಗೆಯುತ್ತಾರೆ. ಹೊಸ ಲೋಹ ಉಳಿಯುವುದಿಲ್ಲ. ಎರಡು ತುಂಡಾಗಿ ತುದಿಗಳು ಸರಿದುಹೋಗಿದ್ದರೆ ಸಾಮಾನ್ಯವಾಗಿ ಸ್ಟೆಂಟೇ ಬೇಕು. ಆದರೆ ಅದೂ ಅದೇ ಕೀಲಿನಲ್ಲೇ ಕೂರುತ್ತದೆ ಎಂಬುದು ನೆನಪಿರಲಿ. ಅದರೊಳಗೆ ಮೂರನೇ ಸ್ಟೆಂಟಿನ ಮಾತು ಬಂದರೆ ಬೈಪಾಸ್ ಬಗ್ಗೆ ಶಸ್ತ್ರವೈದ್ಯರನ್ನೂ ಕೇಳುವುದು ಮೇಲು.

ಆಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ಹಲ್ಲು ಕೀಳಿಸುವುದಕ್ಕೆಂದೂ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬಾರದು.

ಪ್ರಶ್ನೆ: ನನಗೂ ಸ್ಟೆಂಟ್ ಇದೆ, ನೋವಿಲ್ಲ. ವರ್ಷಕ್ಕೊಮ್ಮೆ ಆಂಜಿಯೋಗ್ರಾಂ ಬೇಕೇ?

ಉತ್ತರ: ಸಾಮಾನ್ಯವಾಗಿ ಬೇಡ. ಮುರಿತ ಕಂಡರೂ ರಕ್ತದ ಹರಿವು ಸರಿಯಿದ್ದರೆ ಹೆಚ್ಚಾಗಿ ಮುಟ್ಟುವುದಿಲ್ಲ. ನಡೆದಾಗ ಬಂದು ನಿಂತಾಗ ಹೋಗುವ ಹಳೆಯ ನೋವು ಮರುಕಳಿಸಿದರೆ ತಡಮಾಡದೆ ವೈದ್ಯರನ್ನು ಕಾಣಿ. ಸುಮ್ಮನೆ ಕೂತಿದ್ದಾಗಲೂ ಎದೆನೋವು ಬಂದು ಕೆಲವು ನಿಮಿಷದಲ್ಲಿ ಇಳಿಯದಿದ್ದರೆ ಆ್ಯಂಬುಲೆನ್ಸ್ ಕರೆಸಿ. ಅದು ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದ್ದೂ ಆಗಿರಬಹುದು.