ಜಾಣಕಿವುಡು ಎಂದು ನಾವು ಕರೆದದ್ದು

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮಾವನವರಿಗೆ ಈಗ 74 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನಾನು ಈ ಮನೆಗೆ ಸೊಸೆಯಾಗಿ ಬಂದು ಹದಿನಾರು ವರ್ಷಗಳಾದವು; ಅದರಲ್ಲಿ ಕೊನೆಯ ಏಳೆಂಟು ವರ್ಷಗಳನ್ನು ಅವರ ಮೇಲೆ ಒಳಗೊಳಗೇ ಸಿಟ್ಟು ಇಟ್ಟುಕೊಂಡು ಕಳೆದೆ. ಅಡುಗೆಮನೆಯಿಂದ ‘ಮಾವ, ಊಟಕ್ಕೆ ಬನ್ನಿ’ ಎಂದು ಮೂರು ಸಲ ಕರೆದರೂ ಅವರು ಪತ್ರಿಕೆಯಿಂದ ತಲೆ ಎತ್ತುತ್ತಿರಲಿಲ್ಲ. ನಮ್ಮ ಯಜಮಾನರು ಒಂದು ಸಲ ಕರೆದರೆ ಎದ್ದು ಬರುತ್ತಿದ್ದರು. ಗಟ್ಟಿಯಾಗಿ ಹೇಳಿದರೆ ‘ಯಾಕಮ್ಮ ಕೂಗ್ತೀಯ, ನಾನೇನು ಕಿವುಡನೇ?’ ಎಂದು ಮುಖ ಗಂಟಿಕ್ಕುತ್ತಿದ್ದರು. ಇದೆಲ್ಲ ಜಾಣಕಿವುಡು, ಬೇಕಾದದ್ದು ಮಾತ್ರ ಕೇಳಿಸುತ್ತದೆ ಎಂದು ನಾನು ನನ್ನ ತಾಯಿಯ ಮುಂದೆ, ಎಷ್ಟೋ ಸಲ ಮಕ್ಕಳ ಮುಂದೆಯೂ ಆಡಿದ್ದೇನೆ. ಎರಡು ತಿಂಗಳ ಹಿಂದೆ ಶ್ರವಣ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಗಳಲ್ಲಿ ಸುಮಾರು 55 ಡೆಸಿಬೆಲ್ ನಷ್ಟ ಎಂದು ವರದಿ ಬಂತು. ಆಟೊದಲ್ಲಿ ಮನೆಗೆ ಮರಳುವಾಗ ಅವರು ‘ಹಾಗಾದರೆ ನನ್ನ ತಲೆ ಸರಿಯಾಗೇ ಇದೆ ಅಂತಾಯ್ತು’ ಎಂದರು. ಅವರಿಗೆ ಅಂಥದೊಂದು ಭಯ ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಅಂದಿನಿಂದ ನನಗೆ ನನ್ನ ಮೇಲೇ ನಂಬಿಕೆ ಹೋಗಿದೆ. ಇಷ್ಟು ವರ್ಷ ಒಬ್ಬರನ್ನು ಹೀಗೆ ತಪ್ಪಾಗಿ ತಿಳಿದುಕೊಂಡದ್ದು ಹೇಗೆ? ಕ್ಷಮೆ ಕೇಳಬೇಕೇ? ಕೊಡಿಸಿದ ಯಂತ್ರವನ್ನೂ ಅವರು ಹಾಕಿಕೊಳ್ಳುತ್ತಿಲ್ಲ.
—ಗೃಹಿಣಿ, ಹಾಸನ

ಉತ್ತರ: ನಿಮ್ಮ ತೀರ್ಮಾನ ತಪ್ಪಾಗಿತ್ತು, ಆದರೆ ನೀವು ಕಣ್ಣಾರೆ ಕಂಡದ್ದರಲ್ಲಿ ಯಾವುದೂ ಸುಳ್ಳಾಗಿರಲಿಲ್ಲ. ಮಗ ಕರೆದರೆ ಕೇಳಿಸುತ್ತಿತ್ತು, ಸೊಸೆ ಕರೆದರೆ ಕೇಳಿಸುತ್ತಿರಲಿಲ್ಲ ಎಂಬುದು ನಿಜವೇ ಇರಬೇಕು. ವಯಸ್ಸಿನಿಂದ ಬರುವ ಶ್ರವಣದೋಷವು ಎಲ್ಲ ಶಬ್ದಗಳನ್ನೂ ಒಂದೇ ಸಮನಾಗಿ ಕುಗ್ಗಿಸುವುದಿಲ್ಲ. ಮೊದಲು ಮೇಲಿನ ಸ್ಥಾಯಿಯ ಶಬ್ದಗಳು ಹೋಗುತ್ತವೆ. ಹೆಂಗಸರ ಮತ್ತು ಮಕ್ಕಳ ದನಿ ಗಂಡಸರ ದನಿಗಿಂತ ಮೇಲಿನ ಸ್ಥಾಯಿಯದು. ಅದರ ಮೇಲೆ ನೀವು ಕರೆಯುತ್ತಿದ್ದುದು ಇನ್ನೊಂದು ಕೋಣೆಯಿಂದ, ಒಗ್ಗರಣೆಯ ಸದ್ದಿನ ನಡುವಿನಿಂದ, ಬಹುಶಃ ಒಲೆಯ ಕಡೆಗೆ ಮುಖ ಮಾಡಿ. ನಿಮ್ಮ ಯಜಮಾನರು ಪಡಸಾಲೆಯಲ್ಲಿ ಅವರ ಎದುರಿಗೇ ಬಂದು ನಿಂತು ಕರೆದಿರಬಹುದು. ಯಾರು ಎಲ್ಲಿ ನಿಂತು ಕರೆದರು ಎಂಬುದನ್ನು ಒಮ್ಮೆ ನೆನಪು ಮಾಡಿಕೊಂಡು ನೋಡಿ.

ಕನ್ನಡದ ಕಾಲು, ಸಾಲು, ಪಾಲು, ಹಾಲು ಎಂಬ ನಾಲ್ಕು ಮಾತುಗಳನ್ನು ತೆಗೆದುಕೊಳ್ಳಿ. ಇವುಗಳಲ್ಲಿರುವ ಆಕಾರ, ಉಕಾರಗಳು ಬಲವಾದ ಧ್ವನಿಗಳು, ಕೆಳಗಿನ ಆವರ್ತನಗಳಲ್ಲಿ ಇರುವಂಥವು. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಕ, ಸ, ಪ, ಹಗಳು ಮೆಲುವಾದವು. ಅದರಲ್ಲೂ ಸಕಾರದ ಬಲವೆಲ್ಲ ಇರುವುದು ಮೇಲಿನ ಆವರ್ತನಗಳಲ್ಲೇ. ನಿಮ್ಮ ಮಾವನವರ ಕಿವಿಗೆ ನಾಲ್ಕೂ ಹೆಚ್ಚುಕಡಿಮೆ ‘ಆಲು’ ಎಂದೇ ತಲುಪುತ್ತವೆ. ಯಾರೋ ಮಾತಾಡಿದ್ದು ಸ್ಪಷ್ಟವಾಗಿ ಕೇಳಿಸಿರುವುದರಿಂದ ತಮಗೆ ಕಿವಿ ಮಂದವಾಗಿದೆ ಎಂದು ಅವರಿಗೆ ಅನ್ನಿಸುವುದೇ ಇಲ್ಲ. ಸೊಸೆ ಮಾತನ್ನು ಬಾಯೊಳಗೇ ನುಂಗುತ್ತಾಳೆ ಎಂದು ಅನ್ನಿಸುತ್ತದೆ. ನೀವು ಅವರನ್ನು ಮೊಂಡರೆಂದು ತಿಳಿದ ಅದೇ ಹೊತ್ತಿನಲ್ಲಿ ಅವರೂ ನಿಮ್ಮನ್ನು ಏನೋ ಒಂದು ಎಂದು ತಿಳಿದಿದ್ದಿರಬಹುದು.

ಗಟ್ಟಿಯಾಗಿ ಹೇಳಿದಾಗ ಅವರು ರೇಗುತ್ತಿದ್ದುದಕ್ಕೂ ಕಾರಣ ಒಳಗಿವಿಯಲ್ಲೇ ಇದೆ. ಅಲ್ಲಿನ ಸೂಕ್ಷ್ಮ ರೋಮಕೋಶಗಳು ನಶಿಸಿದಾಗ, ಕೇಳಿಸಲು ಬೇಕಾದ ಕನಿಷ್ಠ ಮಟ್ಟ ಮೇಲೇರುತ್ತದೆ. ಆದರೆ ಸಹಿಸಿಕೊಳ್ಳಬಲ್ಲ ಗರಿಷ್ಠ ಮಟ್ಟ ಮೊದಲಿದ್ದಲ್ಲೇ ಉಳಿಯುತ್ತದೆ. ನಡುವಿನ ಜಾಗ ಕಿರಿದಾಗುವುದರಿಂದ, ಒಂದು ಕ್ಷಣದ ಹಿಂದೆ ಕೇಳಿಸದಿದ್ದ ಮಾತು ಮರುಕ್ಷಣ ತಲೆಗೆ ಬಡಿದಂತೆ ಬರುತ್ತದೆ. ‘ಏನಂದೆ?’ ಎಂಬುದೂ ‘ಯಾಕೆ ಕೂಗ್ತೀಯ?’ ಎಂಬುದೂ ಒಬ್ಬರ ಬಾಯಿಂದ ಒಂದೇ ನಿಮಿಷದಲ್ಲಿ ಪ್ರಾಮಾಣಿಕವಾಗಿ ಬರಬಹುದು.

ಎದುರೆದುರು ಕುಳಿತು ಆಡುವ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್‌ನ ಆಸುಪಾಸಿನಲ್ಲಿರುತ್ತದೆ. ಅಂದರೆ ಇಷ್ಟು ವರ್ಷವೂ ನಿಮ್ಮ ಮಾತು ಅವರ ಕಿವಿಯ ಹೊಸ್ತಿಲ ಮೇಲೆ ನಿಂತಿತ್ತು. ಕೆಲವು ಸಲ ಒಳಗೆ ಹೋಗುತ್ತಿತ್ತು, ಕೆಲವು ಸಲ ಹೊರಗೇ ಉಳಿಯುತ್ತಿತ್ತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಶ್ರವಣದೋಷದ ಲೆಕ್ಕ ಶುರುವಾಗುವುದೇ ಎರಡೂ ಕಿವಿಗಳಲ್ಲಿ 60 ಡೆಸಿಬೆಲ್ ನಷ್ಟದಿಂದ. ಕಾನೂನಿನ ಲೆಕ್ಕಕ್ಕೂ ಸಿಗದಷ್ಟು ನಷ್ಟ ಒಂದು ಮನೆಯಲ್ಲಿ ಏಳೆಂಟು ವರ್ಷಗಳ ಮುನಿಸಿಗೆ ಸಾಕಾಯಿತು.

ಇದರಲ್ಲಿ ನಮ್ಮ ಭಾಷೆಯ ಪಾಲೂ ಸ್ವಲ್ಪ ಇದೆ ಎಂದು ನನಗೆ ತೋರುತ್ತದೆ. ‘ಹೇಳಿದ್ದು ಕೇಳುವುದಿಲ್ಲ’ ಎಂದರೆ ಕಿವಿಗೆ ಬೀಳುವುದಿಲ್ಲ ಎಂದೂ ಆಗುತ್ತದೆ, ಮಾತಿಗೆ ಬೆಲೆ ಕೊಡುವುದಿಲ್ಲ ಎಂದೂ ಆಗುತ್ತದೆ. ಮನೆಗಳಲ್ಲಿ ನಾವು ಎರಡನೆಯ ಅರ್ಥವನ್ನೇ ಮೊದಲು ಹಿಡಿಯುತ್ತೇವೆ. ಬೇರೆಯವರ ನಡತೆಗೆ ಅವರ ಸ್ವಭಾವವನ್ನೇ ಕಾರಣವಾಗಿ ಕಾಣುವುದು, ಅವರ ಸಂದರ್ಭದ ಭಾರವನ್ನು ಕಡೆಗಣಿಸುವುದು ಮನುಷ್ಯರಲ್ಲಿ ಎಷ್ಟು ಸಾಮಾನ್ಯವೆಂದರೆ, ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಅದಕ್ಕೊಂದು ಹೆಸರನ್ನೇ ಇಟ್ಟರು. ನಮ್ಮ ಕೇರಿಯಲ್ಲಿ ನನ್ನ ಸೋದರತ್ತೆಗೆ ಜಂಬದವಳು ಎಂಬ ಹೆಸರಿತ್ತು. ದಾರಿಯಲ್ಲಿ ಎದುರಾದವರನ್ನು ಆಕೆ ಮಾತನಾಡಿಸುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ದೂರದೃಷ್ಟಿಗೆ ಕನ್ನಡಕ ಬಂತು. ಆ ಸಂಜೆ ಆಕೆ ಜಗುಲಿಯಲ್ಲಿ ಕುಳಿತು, ಬೀದಿಯ ಆ ತುದಿಯಲ್ಲಿ ಬರುತ್ತಿದ್ದವರನ್ನೆಲ್ಲ ಹೆಸರು ಹಿಡಿದು ಕರೆದದ್ದನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಅವಳನ್ನು ಜಂಬದವಳೆಂದು ಕರೆದವರಲ್ಲಿ ನನ್ನ ತಂದೆಯೂ ಇದ್ದರು.

ಕ್ಷಮೆಯನ್ನು ಖಂಡಿತ ಕೇಳಿ. ಆದರೆ ಅದು ಅವರಿಗೆ ಕೇಳಿಸುವಂತಿರಲಿ: ಟೀವಿ, ಫ್ಯಾನು ಆರಿಸಿ, ಒಂದು ಮಾರು ದೂರದಲ್ಲಿ ಎದುರಿಗೆ ಕುಳಿತು, ಮುಖದ ಮೇಲೆ ಬೆಳಕು ಬೀಳುವಂತೆ ನೋಡಿಕೊಂಡು, ನಿಧಾನವಾಗಿ ಮಾತಾಡಿ. ‘ನಿಮಗೆ ಬೇಕೆಂದೇ ಕೇಳಿಸುವುದಿಲ್ಲ ಎಂದುಕೊಂಡಿದ್ದೆ ಮಾವ, ತಪ್ಪು ತಿಳಿದಿದ್ದೆ’ ಎಂದಷ್ಟು ಸಾಕು. ಮಕ್ಕಳ ಮುಂದೆ ಆಡಿದ ಮಾತನ್ನು ಮಕ್ಕಳ ಮುಂದೆಯೇ ತಿದ್ದಿರಿ. ತಲೆ ಸರಿಯಾಗಿದೆ ಎಂದು ಅವರು ಆಟೊದಲ್ಲಿ ಆಡಿದ ಮಾತನ್ನೂ ನೀವೇ ಎತ್ತಿ ಕೇಳಿ. ಎಷ್ಟು ದಿನದಿಂದ ಆ ಹೆದರಿಕೆ ಇತ್ತೆಂದು ಹೇಳಿಕೊಳ್ಳಲು ಅವರಿಗೆ ಒಬ್ಬರು ಬೇಕಾಗಿದೆ.

ಯಂತ್ರದ ವಿಷಯದಲ್ಲಿ ಅವಸರ ಬೇಡ. ವರ್ಷಗಟ್ಟಲೆ ಕೇಳದಿದ್ದ ತಟ್ಟೆ, ನಲ್ಲಿ, ಪತ್ರಿಕೆಯ ಹಾಳೆಗಳ ಸದ್ದೆಲ್ಲ ಒಮ್ಮೆಲೇ ನುಗ್ಗಿದಾಗ ಮಿದುಳಿಗೆ ಅದು ಗಲಾಟೆಯೇ. ಒಗ್ಗಿಕೊಳ್ಳಲು ಹಲವು ವಾರಗಳು ಬೇಕು. ಮೊದಮೊದಲು ನಿಶ್ಶಬ್ದವಾದ ಕೋಣೆಯಲ್ಲಿ, ಒಬ್ಬರೊಂದಿಗೆ ಮಾತಾಡುವಾಗ ದಿನಕ್ಕೆ ಒಂದೆರಡು ಗಂಟೆ ಹಾಕಿಕೊಳ್ಳಲಿ. ಮದುವೆ ಮನೆಗೆ ಮೊದಲ ವಾರವೇ ಹಾಕಿಕೊಂಡು ಹೋಗುವುದು ಬೇಡ. ಸಿಳ್ಳೆಯಂಥ ಸದ್ದು ಬರುತ್ತಿದ್ದರೆ ಕಿವಿಯ ಅಚ್ಚು ಸರಿಯಾಗಿ ಕೂತಿಲ್ಲ ಎಂದು ಅರ್ಥವಿರಬಹುದು. ಯಂತ್ರ ಕೊಟ್ಟವರ ಬಳಿಗೆ ಮತ್ತೆ ಎರಡು ಮೂರು ಸಲ ಹೋಗಿ ಹೊಂದಿಸಿಕೊಳ್ಳುವುದು ಚಿಕಿತ್ಸೆಯ ಭಾಗವೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ದೂರವೇನಲ್ಲ. ಅಲ್ಲಿ ಒಮ್ಮೆ ತೋರಿಸಬಹುದು.

ಪ್ರಶ್ನೆ: ಕಚೇರಿಯ ಸಭೆಯೊಂದರ ಧ್ವನಿಮುದ್ರಣದಲ್ಲಿ ನನ್ನ ದನಿಯನ್ನು ಕೇಳಿ ನಾಚಿಕೆಯಾಯಿತು. ಅಷ್ಟು ತೆಳುವಾದ ದನಿ ನನ್ನದೇ? ಎಲ್ಲರಿಗೂ ನಾನು ಹಾಗೆಯೇ ಕೇಳಿಸುತ್ತೇನೆಯೇ?
—ಉದ್ಯೋಗಿ, ಬೆಂಗಳೂರು

ಉತ್ತರ: ಹೌದು, ಹೆಚ್ಚುಕಡಿಮೆ ಹಾಗೆಯೇ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಬುರುಡೆಯ ಎಲುಬಿನ ಮೂಲಕವೂ ಒಳಗಿವಿಯನ್ನು ಮುಟ್ಟುತ್ತದೆ, ಎಲುಬು ತಗ್ಗುಸ್ಥಾಯಿಯನ್ನು ತುಂಬಿಕೊಡುತ್ತದೆ. ಮುದ್ರಣದಲ್ಲಿ ಆ ತುಂಬು ಇಲ್ಲ. ನಿಮ್ಮ ಸಹೋದ್ಯೋಗಿಗಳು ಮೊದಲಿನಿಂದಲೂ ಕೇಳಿರುವುದು ಈ ದನಿಯನ್ನೇ, ಅವರಿಗೆ ಅದರಲ್ಲಿ ವಿಚಿತ್ರವೇನೂ ಇಲ್ಲ. ಮುದ್ರಣ ಇನ್ನೂ ಇದ್ದರೆ ಇನ್ನೊಮ್ಮೆ ಕೇಳಿ. ಈ ಸಲ ದನಿಯನ್ನು ಬಿಟ್ಟು, ಬೇರೆಯವರ ಮಾತು ಮುಗಿಯುವ ಮೊದಲೇ ನೀವು ಎಷ್ಟು ಸಲ ಬಾಯಿ ಹಾಕಿದ್ದೀರಿ ಎಂದು ಎಣಿಸಿ. ನಾನು ನನ್ನದೊಂದು ಭಾಷಣದ ನಂತರದ ಸಂವಾದವನ್ನು ಹೀಗೆ ಕೇಳಿಸಿಕೊಂಡ ಮೇಲೆ, ಪ್ರಶ್ನೆ ಕೇಳುವವರ ಮಾತು ಮುಗಿದು ಒಂದು ಉಸಿರು ಆಗುವವರೆಗೆ ಕಾಯುವುದನ್ನು ರೂಢಿ ಮಾಡಿಕೊಂಡೆ.

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಹತ್ತೊಂಬತ್ತು ವರ್ಷಗಳ ಸೇವೆ. ಮೂರನೆಯ ತರಗತಿಯ ಹುಡುಗನೊಬ್ಬ ಕೆಲವು ದಿನ ಚುರುಕಾಗಿ ಉತ್ತರ ಕೊಡುತ್ತಿದ್ದ, ಕೆಲವು ದಿನ ಏನು ಕೇಳಿದರೂ ‘ಹೂಂ ರೀ ಟೀಚರ್’ ಎನ್ನುತ್ತಿದ್ದ. ಇವನಿಗೆ ಬರುತ್ತದೆ, ಆದರೆ ಮೈಗಳ್ಳ ಎಂದು ತೀರ್ಮಾನಿಸಿ ಹಿಂದಿನ ಸಾಲಿಗೆ ಕಳಿಸಿದ್ದೆ. ಶಾಲೆಗೆ ಬಂದ ವೈದ್ಯರ ತಂಡ ತಪಾಸಣೆ ಮಾಡಿ, ಎರಡೂ ಕಿವಿಗಳಲ್ಲಿ ತೊಂದರೆಯಿದೆ ಎಂದು ಆಸ್ಪತ್ರೆಗೆ ಬರೆದುಕೊಟ್ಟಿತು. ಈಗ ಹಳೆಯ ಹಾಜರಿ ಪುಸ್ತಕಗಳ ಹೆಸರುಗಳೆಲ್ಲ ಕಣ್ಣ ಮುಂದೆ ಬರುತ್ತಿವೆ. ಇನ್ನೆಷ್ಟು ಮಕ್ಕಳಿಗೆ ಹೀಗೆ ಮಾಡಿದ್ದೇನೋ?
—ಶಿಕ್ಷಕಿ, ಬಳ್ಳಾರಿ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಓದಿ ನನಗೂ ಸಂಕಟವಾಯಿತು. ಹಳೆಯ ಹೆಸರುಗಳಿಗೆ ಈಗ ಉತ್ತರ ಸಿಗಲಾರದು, ಸಿಕ್ಕೀತು ಎಂದು ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಆದರೆ ಈ ಹುಡುಗ ನಿಮ್ಮನ್ನು ಏಕೆ ದಾರಿ ತಪ್ಪಿಸಿದ ಎಂಬುದು ತಿಳಿದರೆ ಮುಂದಿನವನನ್ನು ಗುರುತಿಸಬಹುದು.

ನೆಗಡಿಯ ನಂತರ ಎಷ್ಟೋ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ದ್ರವ ತುಂಬಿಕೊಳ್ಳುತ್ತದೆ. ನೋವಿಲ್ಲ, ಸೋರುವುದಿಲ್ಲ, ಹೊರಗೆ ಏನೂ ಕಾಣುವುದಿಲ್ಲ. ದ್ರವ ಹೆಚ್ಚಿದ ವಾರ ಪಾಠ ಮಂಕಾಗಿ ಕೇಳಿಸುತ್ತದೆ, ಇಳಿದ ವಾರ ಚೆನ್ನಾಗಿ ಕೇಳಿಸುತ್ತದೆ. ನಿನ್ನೆ ಉತ್ತರ ಕೊಟ್ಟವನು ಇಂದು ಸುಮ್ಮನೆ ಕುಳಿತರೆ ಯಾವ ಶಿಕ್ಷಕರಿಗಾದರೂ ಮೈಗಳ್ಳತನವೇ ನೆನಪಾಗುವುದು. ಎಂಟು ವರ್ಷದ ಮಗುವಿಗೆ ತನಗೆ ಕೇಳಿಸುತ್ತಿಲ್ಲ ಎಂದು ಹೇಳಲೂ ಬರುವುದಿಲ್ಲ. ಎಲ್ಲರಿಗೂ ಹೀಗೆಯೇ ಕೇಳಿಸುತ್ತದೆ ಎಂದು ಅದು ತಿಳಿದಿರುತ್ತದೆ. ಆ ‘ಹೂಂ ರೀ ಟೀಚರ್’ ಎಂಬುದು ಅವನಿಗೆ ಸಿಕ್ಕಿದ ಅತ್ಯಂತ ಸುರಕ್ಷಿತ ಉತ್ತರವಾಗಿತ್ತು.

ಶಾಲೆಗೆ ಬಂದದ್ದು ಬಹುಶಃ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಅದರ ವ್ಯಾಪ್ತಿಗೆ ಬರುತ್ತಾರೆ; ಮುಂದಿನ ಸಲ ತಂಡ ಬರುವ ಮೊದಲೇ ನಿಮಗೆ ಅನುಮಾನವಿರುವ ಮಕ್ಕಳ ಪಟ್ಟಿಯನ್ನು ಸಿದ್ಧವಾಗಿಡಿ. ಈ ಹುಡುಗನನ್ನು ಇಂದೇ ಮುಂದಿನ ಸಾಲಿಗೆ ಕರೆತಂದು, ಹೆಚ್ಚು ಕೇಳಿಸುವ ಕಿವಿ ನಿಮ್ಮ ಕಡೆಗಿರುವಂತೆ ಕೂರಿಸಿ. ಕಪ್ಪುಹಲಗೆಯ ಕಡೆ ತಿರುಗಿ ಬರೆಯುತ್ತಲೇ ಮಾತಾಡುವ ಅಭ್ಯಾಸವನ್ನು ಬಿಡಿ, ಬರೆದು ತಿರುಗಿದ ಮೇಲೆ ಮಾತಾಡಿ. ತಾಯಿಯನ್ನು ಕರೆಸಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡಬೇಡಿ ಎಂದು ತಿಳಿಸಿ ಹೇಳಿ. ಆಸ್ಪತ್ರೆಗೆ ಬರೆದುಕೊಟ್ಟ ಚೀಟಿ ಮನೆಯ ಗೂಡಿನಲ್ಲೇ ಉಳಿದಿದೆಯೋ ಏನೋ, ಅದನ್ನೂ ಕೇಳಿ. ಕೂಲಿ ಬಿಟ್ಟು ಜಿಲ್ಲಾಸ್ಪತ್ರೆಗೆ ಹೋಗುವುದು ಎಷ್ಟೋ ಮನೆಗಳಿಗೆ ಸುಲಭವಲ್ಲ, ಯಾವ ದಿನ ಯಾರನ್ನು ಕಾಣಬೇಕು ಎಂದು ನೀವು ವಿಚಾರಿಸಿಕೊಟ್ಟರೆ ಅರ್ಧ ಕೆಲಸ ಆದಂತೆ. ಹಿಂದಿನ ಸಾಲಿಗೆ ಕಳಿಸಿದ್ದು ತಪ್ಪಾಯಿತು ಎಂದು ಅವನಿಗೂ ಹೇಳಿ. ಮಕ್ಕಳು ಇಂಥದ್ದನ್ನು ಮರೆತಿರುವುದಿಲ್ಲ.

ಪ್ರಶ್ನೆ: ನೂಲಿನ ಗಿರಣಿಯಲ್ಲಿ 31 ವರ್ಷ ದುಡಿದು ಈಗ ಮನೆಯಲ್ಲಿದ್ದೇನೆ. ಮಗ್ಗಗಳ ಸದ್ದಿನಲ್ಲಿ ಕಿವಿ ಹೋಯಿತು. ನಾಲ್ಕು ಜನ ಸೇರಿದಲ್ಲಿ ಎಲ್ಲರೂ ನಕ್ಕಾಗ ನಾನೂ ನಗುತ್ತೇನೆ, ತಲೆಯಾಡಿಸುತ್ತೇನೆ. ಬೀಗರ ಮನೆಯಲ್ಲಿ ಸಾವಿನ ಸುದ್ದಿಯೊಂದಕ್ಕೆ ನಕ್ಕುಬಿಟ್ಟೆ. ಅಂದಿನಿಂದ ಎಲ್ಲಿಗೂ ಹೋಗುತ್ತಿಲ್ಲ. ನಾನು ದೊಡ್ಡಸ್ತಿಕೆ ಮಾಡುತ್ತೇನೆ ಎಂದು ಬಂಧುಗಳು ಮಾತಾಡಿಕೊಳ್ಳುತ್ತಿದ್ದಾರಂತೆ.
—ನಿವೃತ್ತ ಕಾರ್ಮಿಕ, ದಾವಣಗೆರೆ

ಉತ್ತರ: ಬೀಗರ ಮನೆಗೆ ಮೊದಲು ಹೋಗಿ ಬನ್ನಿ. ‘ಅಂದು ನೀವು ಹೇಳಿದ್ದು ನನಗೆ ಕೇಳಿಸಿರಲಿಲ್ಲ, ಕೇಳಿಸಿದಂತೆ ನಟಿಸಿದೆ’ ಎಂದು ನೇರವಾಗಿ ಹೇಳಿ. ಅವರಿಗೆ ಇಷ್ಟು ದಿನ ಸಿಕ್ಕಿರುವುದು ನಿಮ್ಮ ನಗು ಮಾತ್ರ, ಅದರ ಹಿಂದಿನ ಕಾರಣ ಅವರಿಗೆ ಬೇಕಾಗಿದೆ. ಸದ್ದಿನಿಂದ ಹೋದ ಕಿವಿ ಔಷಧದಿಂದ ಮರಳಿ ಬರುವುದಿಲ್ಲ ಎಂಬುದು ನಿಮಗೆ ಗೊತ್ತಿರಬಹುದು. ಆದರೆ ತಕ್ಕ ಯಂತ್ರ ಎಷ್ಟೋ ಮಟ್ಟಿಗೆ ನೆರವಾಗುತ್ತದೆ, ಪರೀಕ್ಷೆ ಮಾಡಿಸಿ. ಪರೀಕ್ಷೆಯಲ್ಲಿ ನಷ್ಟ ಹೆಚ್ಚೆಂದು ಬಂದು ಅಂಗವಿಕಲತೆಯ ಪ್ರಮಾಣಪತ್ರ ದೊರೆತರೆ, ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ಸಾಧನಗಳಿಗೆ ನೆರವು ಇದೆ.

ಜನ ಸೇರಿದಲ್ಲಿ ಗೋಡೆಗೆ ಬೆನ್ನು ಮಾಡಿ ಕುಳಿತರೆ ಹಿಂದಿನ ಸದ್ದು ಕಡಿಮೆಯಾಗುತ್ತದೆ; ಪಂಕ್ತಿಯ ನಡುವೆ ಕೂರುವ ಬದಲು, ಹೆಚ್ಚು ಕೇಳಿಸುವ ಕಿವಿ ಜನರ ಕಡೆಗೆ ಬರುವಂತೆ ತುದಿಯಲ್ಲಿ ಕುಳಿತುಕೊಳ್ಳಿ. ಒಬ್ಬ ಮೊಮ್ಮಗನನ್ನೋ ಮೊಮ್ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಮಾತಿನ ವಿಷಯ ಬದಲಾದಾಗಲೆಲ್ಲ ಒಂದೇ ಮಾತಿನಲ್ಲಿ ತಿಳಿಸಲು ಹೇಳಿ: ‘ತಾತ, ಈಗ ಮಳೆ ಸುದ್ದಿ’, ‘ತಾತ, ಈಗ ಚಿಕ್ಕಪ್ಪನ ಮನೆ ಕಟ್ಟೋ ಸುದ್ದಿ’. ವಿಷಯ ಯಾವುದೆಂದು ಗೊತ್ತಾದರೆ ಉಳಿದದ್ದನ್ನು ತುಟಿಯ ಚಲನೆಯ ನೆರವಿನಿಂದ ಎಷ್ಟೋ ಮಟ್ಟಿಗೆ ಹಿಡಿಯಬಹುದು. ಮೂರು ದಶಕ ಮಗ್ಗಗಳ ಸದ್ದಿನ ನಡುವೆ ಜೊತೆಯವರ ಮಾತನ್ನು ನೀವು ತಿಳಿದುಕೊಂಡದ್ದೂ ಹಾಗೆಯೇ ಅಲ್ಲವೇ?