ಆ್ಯಪ್ ಟ್ಯಾಕ್ಸಿಗೆ ಹಳೇ ಸಿವಿಟಿ ಕಾರು?

ವಾರಾಂತ್ಯದಲ್ಲಿ ಆ್ಯಪ್ ಟ್ಯಾಕ್ಸಿ ಓಡಿಸೋಕೆ 1.2 ಲಕ್ಷ ಕಿ.ಮೀ. ಓಡಿದ ಸಿವಿಟಿ ಕಾರು (ಹಲ್ಲಿನ ಗೇರ್‌ಗಳ ಬದಲು ಬೆಲ್ಟ್ ಮೇಲೆ ನಡೆಯೋ ಆಟೊಮ್ಯಾಟಿಕ್) ತಗೋಬಹುದಾ ಅಂತ ಕೇಳಿದ್ದೀರಿ. ಓಡಿದ್ದಕ್ಕಿಂತ ಸರ್ವಿಸ್ ದಾಖಲೆ ಮುಖ್ಯ. ಗೇರ್‌ಬಾಕ್ಸ್ ಆಯಿಲ್ ಒಮ್ಮೆಯೂ ಬದಲಾಗಿಲ್ಲ ಅಂದ್ರೆ ಕೈಬಿಡಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ (ಮಾರೋರು ಕೆಲವೊಮ್ಮೆ ಮೊದಲೇ ಬಿಸಿ ಮಾಡಿಟ್ಟಿರ್ತಾರೆ, ಬಾನೆಟ್ ಮುಟ್ಟಿ ನೋಡಿ). ಆಮೇಲೆ ಅರ್ಧ ಗಂಟೆ ಟ್ರಾಫಿಕ್‌ನಲ್ಲೇ ಓಡಿಸಿ. ಸಿವಿಟಿ ದೋಷ ಎಷ್ಟೋ ಸಲ ಆಯಿಲ್ ಕಾದ ಮೇಲೇ ಕಾಣೋದು: ನಿಂತು ಹೊರಡುವಾಗ ನಡುಕ ಬಂದ್ರೆ, ಆರ್‌ಪಿಎಂ (ಎಂಜಿನ್ ತಿರುಗೋ ವೇಗ) ಏರಿಯೂ ಕಾರಿನ ವೇಗ ಏರದಿದ್ರೆ ಒಳಗೆ ಬೆಲ್ಟ್ ಜಾರ್ತಿರಬಹುದು. ಆ ರಿಪೇರಿ ಪಾರ್ಟ್‌ಟೈಮ್ ದುಡಿಮೆಯನ್ನೆಲ್ಲ ನುಂಗುತ್ತೆ.

ಹಿಂದಿನ ಸೀಟಲ್ಲೂ ಕೂತು ಏಸಿ ನೋಡಿ, ಗಿರಾಕಿ ಕೂರೋದು ಅಲ್ಲೇ. ಮಾತು ಮುಗಿಸೋ ಮುಂಚೆ ಆ್ಯಪ್‌ನವರು ಕಾರಿಗೆ ಇಟ್ಟಿರೋ ವಯೋಮಿತಿಗೆ ಇನ್ನೆಷ್ಟು ವರ್ಷ ಉಳಿದಿದೆ ಕೇಳಿ. ಖಾಸಗಿ ವಿಮೆ ಸಾಮಾನ್ಯವಾಗಿ ಬಾಡಿಗೆಗೆ ಸಲ್ಲಲ್ಲ, ಆ ಹೆಚ್ಚುವರಿ ಕಂತನ್ನೂ ಬೆಲೆಗೆ ಸೇರಿಸಿ.